ಕಾಣದ ಬ್ರಹ್ಮಾಂಡಕ್ಕೆ ರಸೀತಿ ಎಲ್ಲಿ?

"ವಿಜ್ಞಾನಿಗಳು ಅನೇಕ ವಿಶ್ವಗಳನ್ನು ಕಂಡುಹಿಡಿದಿದ್ದಾರೆ. ಅನಂತಕೋಟಿ ಬ್ರಹ್ಮಾಂಡವೆಂದು ನಮ್ಮ ಹಿರಿಯರು ಮೊದಲೇ ಹೇಳಿದ್ದರು. ಇನ್ನು ಪ್ರಶ್ನೆ ಬೇಡ" ಎಂದು ವೇದಿಕೆ ಏರಿ ಸಾರುವ ಮಹಾಶಯರಿದ್ದಾರೆ. ಬಂಧುಗಳೇ, ಬೇರೆ ವಿಶ್ವವನ್ನು ಇದುವರೆಗೆ ಯಾರೂ ಕಂಡಿಲ್ಲ. ಪ್ರಶ್ನೆಯೂ ಮುಗಿದಿಲ್ಲ.

ಜಗತ್ತು ಏಕಿದೆ ಎಂಬ ವಾದ ನಮ್ಮ ಸೀಮೆಗೆ ಹೊಸದಲ್ಲ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರು ದೇಗುಲದ ಮದನಿಕೆಯರ ಕೆಳಗೆ ದಾಸೋಜ, ಅವನ ಮಗ ಚಾವಣ ಮೊದಲಾದ ಶಿಲ್ಪಿಗಳ ಹೆಸರು ಕೆತ್ತಿದೆ. ಕೃತಿಯಿದ್ದರೆ ಕರ್ತೃವಿರಬೇಕು, ಮಡಕೆಗೆ ಕುಂಬಾರನಿದ್ದಂತೆ ಜಗತ್ತಿಗೂ ಒಬ್ಬನಿರಬೇಕು ಎಂಬುದು ನೈಯಾಯಿಕರ ವಾದ. ಹಳೇಬೀಡಿನಲ್ಲಿ ಹೊಯ್ಸಳೇಶ್ವರನ ಗುಡಿಯಿಂದ ಸ್ವಲ್ಪ ದೂರ ನಡೆದರೆ ಬಸ್ತಿಹಳ್ಳಿಯ ಜೈನ ಬಸದಿಗಳು ಸಿಗುತ್ತವೆ. ಜಗತ್ತು ಅನಾದಿ, ಅದನ್ನು ಯಾರೂ ಮಾಡಲಿಲ್ಲ ಎಂಬುದು ಜೈನರ ಸಿದ್ಧಾಂತ. 9ನೆಯ ಶತಮಾನದಲ್ಲೇ ಜಿನಸೇನಾಚಾರ್ಯರು ಸೃಷ್ಟಿಕರ್ತನ ವಾದವನ್ನು ತರ್ಕದಿಂದ ಖಂಡಿಸಿದರು.

ಇಂದಿನ ಬಹುವಿಶ್ವವಾದ ಇದೇ ಸಾಲಿಗೆ ಬಂದು ನಿಂತಿದೆ. ವಿಶ್ವವನ್ನು ಹೆಚ್ಚು ಹೆಚ್ಚು ವೇಗವಾಗಿ ಹಿಗ್ಗಿಸುವ ಒಂದು ಶಕ್ತಿಯಿದೆ. ಅದರ ಪ್ರಮಾಣ ಅತ್ಯಲ್ಪ. ಅದು ಬಹಳ ದೊಡ್ಡದಾಗಿದ್ದರೆ ನಕ್ಷತ್ರಗಳ ಸಮೂಹಗಳೇ ಕೂಡುತ್ತಿರಲಿಲ್ಲ, ನಾವೂ ಇರುತ್ತಿರಲಿಲ್ಲ. ಲೆಕ್ಕವಿಲ್ಲದಷ್ಟು ವಿಶ್ವಗಳಿದ್ದು, ಒಂದೊಂದರಲ್ಲಿ ಒಂದೊಂದು ಪ್ರಮಾಣವಿದ್ದರೆ, ಬದುಕಲು ಸಾಧ್ಯವಿರುವಲ್ಲೇ ನಾವು ಹುಟ್ಟಿದ್ದು ಸಹಜ ಎನ್ನುತ್ತದೆ ಈ ವಾದ. 1987ರಲ್ಲಿ ಭೌತವಿಜ್ಞಾನಿ ಸ್ಟೀವನ್ ವೈನ್‌ಬರ್ಗ್ ಈ ದಾರಿಯಲ್ಲೇ ಆ ಪ್ರಮಾಣಕ್ಕೊಂದು ಮಿತಿ ಕಟ್ಟಿದರು. 1998ರಲ್ಲಿ ಸಿಡಿದ ನಕ್ಷತ್ರಗಳನ್ನು ಅಳೆದಾಗ ಸಿಕ್ಕ ಪ್ರಮಾಣ ಆ ಮಿತಿಯೊಳಗೇ ಇತ್ತು. ಇದನ್ನು ನಾವು ಮುಚ್ಚಿಡುವುದಿಲ್ಲ. ಬಹುವಿಶ್ವದ ಊಹೆ ಹುಚ್ಚಲ್ಲ, ವಿಚಾರವೇ.

ಆದರೆ ವಿಚಾರ ಬೇರೆ, ರುಜುವಾತು ಬೇರೆ. 2007ರಲ್ಲಿ ನಿಷೇಧವಾಗುವವರೆಗೆ ನಮ್ಮ ರಾಜ್ಯದಲ್ಲಿ ಲಾಟರಿ ನಡೆಯುತ್ತಿತ್ತು. ಯಾರಿಗೋ ಬಹುಮಾನ ಬಂದರೆ ಅದರಲ್ಲಿ ಪವಾಡವೇನೂ ನಮಗೆ ಕಾಣುತ್ತಿರಲಿಲ್ಲ. ಏಕೆ? ಸೋತವರ ಚೀಟಿಗಳನ್ನೂ ಕಂಡಿದ್ದೆವು. ಇಲ್ಲಿ ಗೆದ್ದ ಚೀಟಿಯೊಂದೇ ಕೈಯಲ್ಲಿದೆ. ಅದೊಂದನ್ನೇ ಹಿಡಿದು "ಕೋಟಿ ಚೀಟಿ ಮಾರಿರಲೇಬೇಕು" ಎನ್ನುವುದು ಯಾವ ತರ್ಕ? ಅರಸೀಕೆರೆಯ ವ್ಯಾಪಾರಿ ನಾಲ್ಕು ಕೊಬ್ಬರಿ ನೋಡಿ ಚೀಲಕ್ಕೆ ದರ ಹೇಳಬಲ್ಲ. ಆದರೆ ಚೀಲ ಅವನ ಮುಂದಿರುತ್ತದೆ! ಹೋಗಲಿ, ಕೋಟಿ ವಿಶ್ವಗಳಿವೆ ಎಂದೇ ಇಟ್ಟುಕೊಳ್ಳೋಣ. ಆ ಕೋಟಿ ಏಕಿವೆ? ಚೀಟಿ ಅಚ್ಚುಹಾಕಿದ ಯಂತ್ರ ಎಲ್ಲಿಂದ ಬಂತು? ಪ್ರಶ್ನೆ ಒಂದು ಮೆಟ್ಟಿಲು ಹಿಂದೆ ಸರಿಯಿತು, ಅಷ್ಟೆ.

ಪಂಡಿತರ ಜಗಳ ನಮಗೇಕೆ ಎನ್ನಬೇಡಿ. ಗಿರಣಿಯ ಬೆಲ್ಟಿಗೆ ಕೈ ಸಿಕ್ಕವನಿಗೆ "ಪೂರ್ವಜನ್ಮದ ಕರ್ಮ" ಎನ್ನುವವರು ಹೂಡುವುದೂ ಇಂಥ ಆಟವನ್ನೇ. ಯಾರೂ ಕಾಣದ ಜನ್ಮದ ಲೆಕ್ಕ ಹೇಳಿ, ಕಣ್ಣೆದುರಿನ ರಕ್ಷಣೆಯಿಲ್ಲದ ಯಂತ್ರವನ್ನು ಮರೆಸುತ್ತಾರೆ. ಏನು ನಡೆದರೂ ಹೊಂದುವ ವಿವರಣೆ ಏನನ್ನೂ ವಿವರಿಸುವುದಿಲ್ಲ. ವೈನ್‌ಬರ್ಗ್ ತಮ್ಮ ಮಾತನ್ನು ಅಳತೆಗೆ ಒಡ್ಡಿದರು. ಕರ್ಮದ ಲೆಕ್ಕ ಹೇಳುವವರು ಎಂದಾದರೂ ಒಡ್ಡಿದ್ದಾರೆಯೇ?

ಅಂಗಡಿಯಲ್ಲಿ ರಸೀತಿಯಿಲ್ಲದ ಬಾಕಿಯನ್ನು ಒಪ್ಪದ ನಾವು ವೇದಿಕೆಯ ಮಾತನ್ನು ಮಾತ್ರ ಏಕೆ ಒಪ್ಪಬೇಕು? ವಿಜ್ಞಾನಿಗೂ ಸ್ವಾಮಿಗೂ ತಕ್ಕಡಿ ಒಂದೇ ಇರಲಿ. ತಿಳಿಯದ್ದನ್ನು ತಿಳಿಯದೆಂದೇ ಹೇಳೋಣ, ಆದರೆ ಕೇಳುವುದನ್ನು ನಿಲ್ಲಿಸದಿರೋಣ.