ಆಟ-ನೋಟ: ಗೊಂಬೆ ದಂಡಿನ ಉಪಗುರಿಗಳು

ಸಂಘದ ಸದಸ್ಯೆಯಾದ ಸೋದರಿಯೊಬ್ಬರು ಬರೆದ ಕಾಗದ ಈ ಸಲ ನಮ್ಮ ಅಂಕಣಕ್ಕೆ ವಸ್ತುವನ್ನೊದಗಿಸಿದೆ. ಅವರ ಮಗನಿಗೆ ಹದಿನಾಲ್ಕು ವರ್ಷ. ಮೇಜಿನ ಮೇಲೆ ಪುಟ್ಟ ಪುಟ್ಟ ಸೈನಿಕರ ಗೊಂಬೆಗಳನ್ನು ನಿಲ್ಲಿಸಿ, ಟೇಪು ಹಿಡಿದು ಅಂಗುಲ ಅಳೆದು, ದಾಳ ಹಾಕಿ ಆಡುವ ಕಾಳಗದಾಟದ ಹುಚ್ಚು ಅವನಿಗೆ ಹತ್ತಿದೆಯಂತೆ. ಹುಟ್ಟುಹಬ್ಬಕ್ಕೆ ಬಂದ ಹಣವನ್ನೆಲ್ಲ ಗೊಂಬೆಗಳಿಗೆ ಸುರಿದು, ತಿಂಗಳುಗಟ್ಟಲೆ ಕುಳಿತು ಬಣ್ಣ ಹಚ್ಚಿ, ಕಡೆಗೊಂದು ಭಾನುವಾರ ಗೆಳೆಯನೊಡನೆ ಆಡಿದ. "ಅಮ್ಮಾ, ಅವನ ದಂಡಿನಲ್ಲಿ ಮುಕ್ಕಾಲು ಪಾಲು ಹೊಡೆದುಹಾಕಿದೆ, ಆದರೂ ಗೆದ್ದವನು ಅವನೇ. ಈ ಆಟವೇ ಮೋಸ" ಎಂದು ಪೆಟ್ಟಿಗೆಯನ್ನು ಅಟ್ಟಕ್ಕೇರಿಸಿದ್ದಾನೆ. ಗೆಳೆಯನ ಮನೆಗೆ ಹೋಗುವುದೂ ನಿಂತಿದೆ. ತಂದೆಯವರು ಪೇಪರಿನ ಮರೆಯಿಂದ "ಹೋಯಿತು ದುಡ್ಡು" ಎನ್ನುತ್ತಿದ್ದಾರೆ. ತಾಯಿಯವರು ನಮ್ಮನ್ನು ಕೇಳುವುದು ಒಂದೇ: ನಿಜವಾಗಿಯೂ ಮೋಸವಾಯಿತೆ? ಜಾಣೆ ಆಕೆ, ಕಾಗದದ ಜೊತೆಗೆ ಅಂಕದ ಚೀಟಿಯ ನಕಲನ್ನೂ ಇಟ್ಟು ಕಳುಹಿಸಿದ್ದಾರೆ.

ಚೀಟಿಯನ್ನು ಕೂಡಿ ಕಳೆದು ನೋಡಿದೆವು. ಮೋಸವೇನೂ ನಡೆದಿಲ್ಲ. ಹುಡುಗನಿಗೆ 54, ಗೆಳೆಯನಿಗೆ 72, ಲೆಕ್ಕ ಸರಿಯಾಗಿದೆ. ಹಾಗೆಂದು ಹುಡುಗನ ಸಂಕಟ ಸುಳ್ಳೆಂದು ನಾವು ಹೇಳಲಾರೆವು. ಹೊಡೆಯುವ ಲೆಕ್ಕ ಬೇರೆ, ಗೆಲ್ಲುವ ಲೆಕ್ಕ ಬೇರೆ ಎಂಬುದನ್ನು ಯಾರೂ ಅವನಿಗೆ ಬಿಡಿಸಿ ಹೇಳಿದಂತಿಲ್ಲ.

ಈ ಭೇದ ಹೊಸದಲ್ಲ. ಇಂಗ್ಲೆಂಡಿನ ಕಾದಂಬರಿಕಾರ ಎಚ್. ಜಿ. ವೆಲ್ಸ್ 1913ರಲ್ಲಿ 'ಲಿಟ್ಲ್ ವಾರ್ಸ್' ಎಂಬ ಪುಟ್ಟ ಪುಸ್ತಕವನ್ನು ಪ್ರಕಟಿಸಿದ. ತವರದ ಸೈನಿಕರು, ಸ್ಪ್ರಿಂಗಿನ ಆಟದ ತೋಪು, ನೆಲದ ಮೇಲೆ ಕಾಳಗ. (ಅದರ ಉದ್ದನೆಯ ಶೀರ್ಷಿಕೆಯಲ್ಲಿ ಹುಡುಗಿಯರಿಗೆ ಕೊಟ್ಟ ಸ್ಥಾನ ನಮ್ಮ ಸೋದರಿಯರಿಗೆ ಹಿಡಿಸಲಾರದು, ಇರಲಿ.) ಕಡೆಯವರೆಗೂ ಹೋರಾಡುವ ಆಟದಲ್ಲಿ ಆತ ಗೆಲುವಿಗೆ 100 ಅಂಕ ಇಟ್ಟ, ಕೈಯಲ್ಲಿರುವ ಪ್ರತಿ ತೋಪಿಗೆ 10, ಬದುಕುಳಿದ ತನ್ನ ಪ್ರತಿ ಕುದುರೆ ಸವಾರನಿಗೆ ಒಂದೂವರೆ, ಕಾಲಾಳಿಗೆ 1. ಉಳಿಸಿಕೊಂಡವನಿಗೆ ಅಂಕ ಎಂಬುದನ್ನು ಓದುಗರು ಗಮನಿಸಬೇಕು. ಇನ್ನೊಂದು ಬಗೆಯ ಆಟದಲ್ಲಂತೂ ಎದುರಾಳಿಯ ಹಿಂಗಡೆಯ ಗೆರೆಗೆ ಮೂವರನ್ನು ಮುಟ್ಟಿಸಿದರೆ ಮುಗಿಯಿತು.

ನಮ್ಮ ಹುಡುಗ ಆಡಿದ್ದು 'ವಾರ್‌ಹ್ಯಾಮರ್ 40,000'. ಇಂಗ್ಲೆಂಡಿನ ಗೇಮ್ಸ್ ವರ್ಕ್‌ಶಾಪ್ ಕಂಪೆನಿ 1987ರಲ್ಲಿ ಹೊರತಂದ ಆಟ. ಬಹುದೂರದ ಭವಿಷ್ಯದಲ್ಲಿ ನಡೆಯುವ ಯುದ್ಧ ಅದರ ಕಥೆ. ಈ ಗೆಳೆಯರ ಗುಂಪು 2020ರಲ್ಲಿ ಬಂದ ಒಂಬತ್ತನೆಯ ಆವೃತ್ತಿಯ ಪುಸ್ತಕದಿಂದಲೇ ಇನ್ನೂ ಆಡುತ್ತದೆ. ಪುಸ್ತಕದ ಬೆಲೆಯನ್ನು ಬಲ್ಲ ತಂದೆತಾಯಿಗಳು ಇದನ್ನು ತಪ್ಪೆನ್ನಲಾರರು.

ಆ ಆವೃತ್ತಿಯಲ್ಲಿ ಒಟ್ಟು 100 ಅಂಕ. ಮುಖ್ಯಗುರಿಗೆ ಹೆಚ್ಚೆಂದರೆ 45, ಉಪಗುರಿಗಳಿಗೆ 45, ದಂಡಿಗೆಲ್ಲ ಬಣ್ಣ ಹಚ್ಚಿ ತಂದರೆ 10. ಆಟ ಐದು ಸುತ್ತು. ಮುಖ್ಯಗುರಿಯೆಂದರೆ ಮೇಜಿನ ಮೇಲೆ ಅಲ್ಲಲ್ಲಿ ಇಟ್ಟ ಬಿಲ್ಲೆಗಳನ್ನು ಹಿಡಿದುಕೊಂಡಿರುವುದು. ಎರಡನೆಯ ಸುತ್ತಿನಿಂದ ತನ್ನ ಸರದಿಯ ಮೊದಲಲ್ಲಿ ಎಣಿಕೆ: ಒಂದು ಬಿಲ್ಲೆಯಾದರೂ ಕೈಯಲ್ಲಿದ್ದರೆ 5, ಎರಡಿದ್ದರೆ ಇನ್ನೊಂದು 5, ಎದುರಾಳಿಗಿಂತ ಹೆಚ್ಚಿದ್ದರೆ ಮತ್ತೊಂದು 5. ಸರದಿಯ ಮೊದಲಲ್ಲಿ ಎಂಬ ಮಾತಿನಲ್ಲೇ ಇದೆ ಮರ್ಮ. ನಾವು ಹೋಗಿ ಬಿಲ್ಲೆಯ ಮೇಲೆ ನಿಂತರೆ ಸಾಲದು. ಎದುರಾಳಿಯ ಸರದಿ ಪೂರ್ತಿ ಏಟು ತಿಂದು, ಮತ್ತೆ ನಮ್ಮ ಸರದಿ ಬರುವ ತನಕ ಅಲ್ಲಿ ಯಾರಾದರೊಬ್ಬರು ಜೀವಂತ ಉಳಿದಿರಬೇಕು.

ಇನ್ನು ಉಪಗುರಿಗಳು. ಹುಡುಗರು ಇವನ್ನು ಸೆಕೆಂಡರಿ ಎನ್ನುತ್ತಾರೆ. ಪುಸ್ತಕದಲ್ಲಿ ಇವು ಐದು ಗುಂಪುಗಳಾಗಿವೆ. ಆಟಗಾರ ಎದುರಾಳಿಯ ದಂಡನ್ನು ನೋಡಿದಮೇಲೆ, ಬೇರೆ ಬೇರೆ ಗುಂಪಿನಿಂದ ಮೂರನ್ನು ಆರಿಸಿ ಗುಟ್ಟಾಗಿ ಬರೆದಿಟ್ಟು, ಆಮೇಲೆ ಇಬ್ಬರೂ ಒಟ್ಟಿಗೆ ತೆರೆದು ತೋರಿಸಬೇಕು. ಒಂದೊಂದಕ್ಕೂ 15ರ ಮೇಲೆ ಅಂಕವಿಲ್ಲ. ಸಂಘದ ಕೋಣೆಯಲ್ಲಿ ಬ್ರಿಜ್ ಆಡುವ ಹಿರಿಯರಿಗೆ ಇದು ತಟ್ಟನೆ ಅರ್ಥವಾಗುತ್ತದೆ: ನಾಲ್ಕು ಸ್ಪೇಡು ಎಂದು ಕೂಗಿದವರು ಹತ್ತು ಟ್ರಿಕ್ಕು ತೆಗೆದು ತೋರಿಸಬೇಕಷ್ಟೆ. ಆಟಕ್ಕೆ ಮುಂಚೆ ಬಾಯಿಬಿಟ್ಟು ಹೇಳಿದ ಮಾತಿಗೇ ಬೆಲೆ. ಹೇಳದೆ ಮಾಡಿದ ಸಾಹಸಕ್ಕೆ ಚಪ್ಪಾಳೆ ಮಾತ್ರ. ಕ್ಯಾರಂ ಆಡುವ ಮಕ್ಕಳು ರಾಣಿಯನ್ನು ನೆನೆಯಬಹುದು. ರಾಣಿಯನ್ನು ಹಾಕಿದರೆ ಸಾಲದು, ತನ್ನದೊಂದು ಕಾಯಿ ಹಾಕಿ ಕವರ್ ಮಾಡಬೇಕು. ಆ ಆಸೆಗೆ ಬಿದ್ದು ಕೈಗೆ ಬಂದ ಬೋರ್ಡನ್ನು ಕಳೆದುಕೊಂಡವರು ಎಷ್ಟು ಜನ!

ಈಗ ಚೀಟಿಗೆ ಬರೋಣ. ಹುಡುಗ ಆರಿಸಿದ ಮೊದಲನೆಯದು 'ಥಿನ್ ದೆಯರ್ ರ್‍ಯಾಂಕ್ಸ್', ಅಂದರೆ ಶತ್ರುವಿನ ಸಾಲನ್ನು ತೆಳುಮಾಡುವುದು. ಕೊಂದ ಪ್ರತಿ ಗೊಂಬೆಗೆ ಒಂದು ಗೀಟು. ಹತ್ತು ಅಥವಾ ಹೆಚ್ಚು ಏಟು ತಾಳುವ ದೊಡ್ಡ ಗೊಂಬೆಯಾದರೆ ಹತ್ತು ಗೀಟು. ಕಡೆಯಲ್ಲಿ ಗೀಟುಗಳನ್ನು ಹತ್ತರಿಂದ ಭಾಗಿಸಬೇಕು, ಶೇಷವನ್ನು ಬಿಡಬೇಕು. ಹುಡುಗ 68 ಗೀಟು ಹಾಕಿದ್ದಾನೆ. ಬಂದುದು 6 ಅಂಕ! ಐದು ಸುತ್ತು ಬೆವರು ಹರಿಸಿದ್ದಕ್ಕೆ ಆರು. ಎರಡನೆಯದು 'ಅಸಾಸಿನೇಟ್', ನಾಯಕನೊಬ್ಬನನ್ನು ಕೊಂದರೆ 3. ಮೂವರನ್ನೂ ಕೊಂದಿದ್ದಾನೆ, 9. ಮೂರನೆಯದು 'ಲೈನ್‌ಬ್ರೇಕರ್', ಎದುರಾಳಿಯ ಬೀಡಿನೊಳಕ್ಕೆ ಎರಡು ತುಕಡಿ ನುಗ್ಗಿ ನಿಂತರೆ ಆ ಸರದಿಗೆ 4. ಒಂದೇ ಸಲ ಸಾಧಿಸಿದ. ಒಟ್ಟು 19.

ಗೆಳೆಯ ಬರೆದುಕೊಂಡದ್ದೇನು? 'ರೈಸ್ ದ ಬ್ಯಾನರ್ಸ್ ಹೈ', ಎಂದರೆ ಬಿಲ್ಲೆಗಳ ಮೇಲೆ ಬಾವುಟ ಏರಿಸುವುದು. ಬಾವುಟವಿರುವ ಪ್ರತಿ ಬಿಲ್ಲೆಗೆ ಮುಂದಿನ ಪ್ರತಿ ಸರದಿಯಲ್ಲಿ 1, ಆಟ ಮುಗಿದಾಗ ಇನ್ನೊಂದು 1. ಎದುರಾಳಿ ಬಿಲ್ಲೆಯನ್ನು ಕಸಿದುಕೊಂಡರೆ ಬಾವುಟ ಬೀಳುತ್ತದೆ. ಆ ಪೋರ ಮೊದಲ ಸುತ್ತಿನಲ್ಲೇ ತನ್ನ ಬದಿಯ ಎರಡು ಬಿಲ್ಲೆಗಳ ಮೇಲೆ ಬಾವುಟ ಏರಿಸಿದ್ದಾನೆ. ಎರಡರಿಂದ ಐದನೆಯ ಸುತ್ತಿನವರೆಗೆ ನಾಲ್ಕೆರಡಲ ಎಂಟು, ಕಡೆಯಲ್ಲಿ ಎರಡು, ಸೇರಿ ಹತ್ತು. ಮಧ್ಯೆ ಏರಿಸಿದ ಮೂರನೆಯ ಬಾವುಟ ಬೀಳುವ ಮುನ್ನ 2 ಕೊಟ್ಟಿದೆ. ಹನ್ನೆರಡು. 'ಎಂಗೇಜ್ ಆನ್ ಆಲ್ ಫ್ರಂಟ್ಸ್' ಎಂಬುದು ಮೇಜಿನ ನಾಲ್ಕು ಕಾಲುಭಾಗಗಳಲ್ಲೂ ಹರಡಿಕೊಳ್ಳುವ ಗುರಿ. ಮೂರರಲ್ಲಿ ತುಕಡಿಯಿದ್ದರೆ 2, ನಾಲ್ಕರಲ್ಲೂ ಇದ್ದರೆ 3. ಅದರಲ್ಲಿ ಕ್ರಮವಾಗಿ 2, 3, 3, 2, ಕಡೆಗೆ ಸೊನ್ನೆ, ಒಟ್ಟು ಹತ್ತು. ಕಡೆಯ ಸೊನ್ನೆಯನ್ನು ನೋಡಿ: ಅಷ್ಟುಹೊತ್ತಿಗೆ ದಂಡೇ ಉಳಿದಿರಲಿಲ್ಲ. ಮೂರನೆಯದು 'ವೈಲ್ ವೀ ಸ್ಟ್ಯಾಂಡ್, ವೀ ಫೈಟ್'. ತನ್ನ ದಂಡಿನ ಅತಿ ಬೆಲೆಯ ಮೂರು ಗೊಂಬೆಗಳಲ್ಲಿ ಕಡೆಗೆ ಉಳಿದ ಪ್ರತಿಯೊಂದಕ್ಕೆ 5. ಎರಡನ್ನು ಗೋಡೆಯ ಮರೆಯಲ್ಲಿ ಬಚ್ಚಿಟ್ಟು ಉಳಿಸಿಕೊಂಡ, ಹತ್ತು. ಒಟ್ಟು 32. ಮುಖ್ಯಗುರಿಯಲ್ಲಿ ಹುಡುಗನಿಗೆ 25, ಗೆಳೆಯನಿಗೆ 30. ಬಣ್ಣದ ಹತ್ತು ಇಬ್ಬರಿಗೂ ಉಂಟು. ಸೋತ ಹದಿನೆಂಟರಲ್ಲಿ ಹದಿಮೂರು ಉಪಗುರಿಯಲ್ಲಿ ಹೋದುವು.

ನಮ್ಮ ಹುಡುಗ ಸೋತದ್ದು ದಾಳದಲ್ಲಲ್ಲ, ಪೆನ್ಸಿಲಿನಲ್ಲಿ. ಗೆಳೆಯನ ದಂಡಿನಲ್ಲಿದ್ದುದು ತೊಂಬತ್ತು ಸಾಮಾನ್ಯ ಗೊಂಬೆಗಳು, ನಾಯಕರನ್ನೂ ಸೇರಿಸಿಕೊಂಡು. ಒಬ್ಬರನ್ನೂ ಬಿಡದೆ ಕೊಂದರೂ ಮೊದಲ ಉಪಗುರಿ 9ರ ಮೇಲೆ ಕೊಡುತ್ತಿರಲಿಲ್ಲ. ನಾಯಕರು ಮೂವರು, ಅದಕ್ಕೂ 9ರ ಮಿತಿ. ಇದು ಒಂದು ದಾಳವನ್ನೂ ಹಾಕುವ ಮುನ್ನ ತಿಳಿಯುವ ಲೆಕ್ಕ. ಮೂವತ್ತು ಅಂಕದ ಎರಡು ಪಾತ್ರೆಗಳ ಬದಲು ಹದಿನೆಂಟು ಹಿಡಿಸುವ ಎರಡು ಲೋಟಗಳನ್ನು ಹಿಡಿದುಕೊಂಡು ಮಳೆಗೆ ಹೊರಟಂತಾಯಿತು. ಪ್ರತಿ ಉಪಗುರಿಯ ಎದುರಿಗೂ ಈ ಎದುರಾಳಿಯಿಂದ ಹೆಚ್ಚೆಂದರೆ ಎಷ್ಟು ಸಿಕ್ಕೀತು ಎಂದು ಬರೆದುಕೊಳ್ಳುವುದು ಐದು ನಿಮಿಷದ ಕೆಲಸ.

ಮಿತಿಯೊಂದನ್ನೇ ನೋಡಿದರೂ ಸಾಲದು. ಅಂಕಕ್ಕೆ ಕೊಡುವ ಬೆಲೆಯನ್ನೂ ನೋಡಬೇಕು. ಬಾವುಟ ಏರಿಸುವ ತುಕಡಿ ಆ ಸರದಿಯಲ್ಲಿ ಗುಂಡು ಹಾರಿಸುವಂತಿಲ್ಲ, ಮೇಲೆ ಬೀಳುವಂತಿಲ್ಲ. ಆದುದರಿಂದ ಈ ಕೆಲಸಕ್ಕೆ ದಂಡಿನಲ್ಲೇ ಅಗ್ಗದ ಐದು ಜನರ ತುಕಡಿ ಯೋಗ್ಯ. ಮದುವೆಯ ಮನೆಯಲ್ಲಿ ಮುಖ್ಯ ಅಡಿಗೆಯವರನ್ನು ಎಲೆ ಹಾಕಲು ಕಳುಹಿಸುವವರುಂಟೆ? ಎದುರಾಳಿಯ ಕೈಗೆ ಸಿಕ್ಕದೆ ನಡೆಯುವ ಕೆಲಸ, ಎದುರಾಳಿಯ ಉಪಕಾರವಿಲ್ಲದೆ ಆಗದ ಕೆಲಸ ಎಂಬ ಭೇದವೂ ಉಂಟು. ಬಾವುಟ ನಮ್ಮ ಬದಿಯಲ್ಲೇ ಏರುತ್ತದೆ. ನಾಯಕನನ್ನು ಕೊಲ್ಲಬೇಕಾದರೆ ಅವನು ಮರೆಯಿಂದ ಹೊರಗೆ ಬರಬೇಕು. ಬಾರದಿದ್ದರೆ ನಾವು ಕಾದು ಕುಳಿತದ್ದೇ ಲಾಭ. ಇನ್ನು, ದಂಡು ಹೇಗೂ ಮಾಡುವ ಕೆಲಸಕ್ಕೇ ಅಂಕ ಬರುವಂತೆ ಆರಿಸುವುದು ಎಲ್ಲಕ್ಕಿಂತ ಮೇಲು. ಹುಡುಗನ ದಂಡಿನಲ್ಲಿ ವೇಗದ ಬೈಕು ಸವಾರರು ಇದ್ದಾರೆಂದು ತಾಯಿ ಬರೆದಿದ್ದಾರೆ. ಅವನು 'ಅಸಾಸಿನೇಟ'ನ್ನು ಉಳಿಸಿಕೊಂಡು, ಮಿಕ್ಕೆರಡರ ಬದಲು ಬಾವುಟವನ್ನೂ ನಾಲ್ಕು ಕಾಲುಭಾಗಗಳ ಗುರಿಯನ್ನೂ ಬರೆದುಕೊಂಡಿದ್ದರೆ ಅದೇ ಸವಾರರು ಮೂಲೆಮೂಲೆ ಓಡಿ ಅಂಕ ತರುತ್ತಿದ್ದರು. ಈ ಮೂರೂ ಬೇರೆ ಬೇರೆ ಗುಂಪಿನವು; ನಿಯಮದ ಅಡ್ಡಿಯಿಲ್ಲ.

ಈ ಏರ್ಪಾಡಿನಲ್ಲಿ ಒಂದು ಕೊಂಕೂ ಇತ್ತು. ಬಲ್ಲವರು ದಂಡು ಕಟ್ಟುವಾಗಲೇ ಎದುರಾಳಿಗೆ ಅಂಕ ಸಿಕ್ಕದಂತೆ ಕಟ್ಟತೊಡಗಿದರು: ನಾಯಕರು ಕಡಿಮೆ, ದೊಡ್ಡ ವಾಹನಗಳು ಕಡಿಮೆ. ಬೇರೆ ಬೇರೆ ದಂಡುಗಳ ಪುಸ್ತಕಗಳು ಬಂದಂತೆ ಒಂದೊಂದಕ್ಕೂ ತನ್ನದೇ ಉಪಗುರಿಗಳು ಸೇರಿದುವು. ಕೆಲವು ಬಲು ಸುಲಭ, ಕೆಲವು ಕಬ್ಬಿಣದ ಕಡಲೆ. ಆಟ ಮೇಜಿಗೆ ಬರುವ ಮುಂಚೆ ಕಾಗದದ ಮೇಲೆಯೇ ಅರ್ಧ ಮುಗಿದಿರುತ್ತಿತ್ತು. 2023ರ ಹತ್ತನೆಯ ಆವೃತ್ತಿಯೊಡನೆ ಬಂದ ಮೊದಲ ಕಾರ್ಡುಕಟ್ಟು ಇದನ್ನು ಬದಲಾಯಿಸಿತು. ಮುಖ್ಯಗುರಿಗೆ 50, ಉಪಗುರಿಗೆ 40, ಬಣ್ಣಕ್ಕೆ ಅದೇ 10. ಆಟಗಾರ ಎರಡು ಉಪಗುರಿಗಳನ್ನು ಕಡೆಯವರೆಗೆ ಸ್ಥಿರವಾಗಿ ಇಟ್ಟುಕೊಳ್ಳಬಹುದು, ಆಗ ಒಂದೊಂದಕ್ಕೆ 20ರ ಮಿತಿ. ಅಥವಾ ಸರದಿ ಸರದಿಗೂ ಕೈಯಲ್ಲಿ ಎರಡು ಕಾರ್ಡು ಇರುವಂತೆ ಕಟ್ಟಿನಿಂದ ಎತ್ತುತ್ತ ಹೋಗಬಹುದು. ಒಲ್ಲದ ಕಾರ್ಡನ್ನು ಸರದಿಯ ಕೊನೆಯಲ್ಲಿ ಬಿಸುಟರೆ ಒಂದು ಕಮ್ಯಾಂಡ್ ಪಾಯಿಂಟು ಸಿಕ್ಕುತ್ತದೆ. ಮುಂದಿನ ಕಟ್ಟುಗಳಲ್ಲಿ ವಿವರಗಳು ಬದಲಾಗಿವೆ. ಆಡುವವರು ತಮ್ಮ ಕೈಲಿರುವ ಕಟ್ಟನ್ನೇ ನೋಡಿಕೊಳ್ಳಬೇಕು.

ಐದು ಸುತ್ತಿಗೆ ನಲವತ್ತೆಂದರೆ ಸುತ್ತಿಗೆ ಎಂಟು, ಕಾರ್ಡಿಗೆ ನಾಲ್ಕು. ಈ ಅಳತೆಗೋಲನ್ನು ನೆನಪಿನಲ್ಲಿಟ್ಟರೆ ಯಾವ ಕಾರ್ಡನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬುದು ಬಹುಪಾಲು ತಾನೇ ತಿಳಿಯುತ್ತದೆ. ಎರಡು ಅಂಕದ ಕಾರ್ಡಿಗಾಗಿ ಐದು ಅಂಕದ ಬಿಲ್ಲೆಯನ್ನು ಬಿಟ್ಟು ಓಡುವವರನ್ನು ನಾವು ಎಷ್ಟೋ ಸಲ ನೋಡಿದ್ದೇವೆ. ಮಕ್ಕಳಿಗೆ ಎತ್ತುವ ಕಾರ್ಡೇ ಒಳ್ಳೆಯದೆಂದು ನಮ್ಮ ಮತ. ದಂಡು ಸೊರಗಿ ಹೋದವನಿಗೂ ಮುಂದಿನ ಸರದಿಯಲ್ಲಿ ಮಾಡಲು ಏನಾದರೊಂದು ಇರುತ್ತದೆ. ಮೂರನೆಯ ಸುತ್ತಿಗೇ ಮುಖ ಊದಿಸಿಕೊಂಡು ಕೂರುವುದು ತಪ್ಪುತ್ತದೆ. ಒಂದೇ ಕೆಲಸಕ್ಕೆಂದು ಕಟ್ಟಿದ ದಂಡಿನವನು ಸ್ಥಿರಗುರಿಗೆ ಹೋಗಲಿ.

ಬಣ್ಣದ ಹತ್ತು ಅಂಕದ ಬಗೆಗೆ ವಾದಗಳುಂಟು. ಚಿತ್ರಕಲೆಗೂ ಯುದ್ಧಕ್ಕೂ ಏನು ಸಂಬಂಧ ಎಂದು ಕೆಲವರು. ನಮಗಂತೂ ಹೊಸದಾಗಿ ಸೇರಿದ ಮಗುವಿನ ಎದುರಿಗೆ ಈ ಹತ್ತನ್ನು ಹಿಡಿದು ಗೆಲ್ಲುವುದು ಸಣ್ಣತನವೆನ್ನಿಸುತ್ತದೆ. ಇಬ್ಬರೂ ಒಪ್ಪಿ ಇಬ್ಬರಿಗೂ ಹಾಕಿಬಿಡಬಹುದು.

ಅಂಕ ಬರೆಯುವ ಪದ್ಧತಿಯಲ್ಲಿ ಮಾತ್ರ ಸಡಿಲ ಬೇಡ. ನೆನಪಿನಲ್ಲಿಟ್ಟ ಅಂಕದಷ್ಟು ಸ್ನೇಹ ಕೆಡಿಸುವ ವಸ್ತು ಇನ್ನೊಂದಿಲ್ಲ. ಇಬ್ಬರ ಅಂಕಕ್ಕೂ ಒಂದೇ ಕಾಗದ, ಪ್ರತಿ ಸರದಿಯ ಕೊನೆಯಲ್ಲಿ "ಬಾವುಟಕ್ಕೆ ಎರಡು, ಸರಿಯೇನೋ?" ಎಂದು ಗಟ್ಟಿಯಾಗಿ ಕೇಳಿ, ಎದುರಿಗಿರುವವನು "ಸರಿ" ಎಂದಮೇಲೆ ಬರೆಯಬೇಕು. ತೆರೆದು ತೋರಿಸಿದ ಉಪಗುರಿಯ ನಿಯಮವನ್ನು ಆಟಕ್ಕೆ ಮುಂಚೆ ಇಬ್ಬರೂ ಒಮ್ಮೆ ಓದಬೇಕು. ತುಕಡಿ ಪೂರ್ತಿಯಾಗಿ ಒಳಗಿರಬೇಕೆ, ಒಂದು ಕಾಲಿದ್ದರೆ ಸಾಕೆ ಎಂಬ ಜಗಳ ನಾಲ್ಕನೆಯ ಸುತ್ತಿನಲ್ಲಿ ಎದ್ದರೆ ಅದನ್ನು ಬಿಡಿಸಲು ತಾಯಂದಿರೇ ಬರಬೇಕಾಗುತ್ತದೆ.

ಸೋದರಿಯವರಿಗೆ ನಮ್ಮ ಉತ್ತರ ಇದು: ಗೆಳೆಯ ಮೋಸಗಾರನಲ್ಲ, ನಿಮ್ಮ ಮಗ ಪೆದ್ದನೂ ಅಲ್ಲ, ಮೂವರು ನಾಯಕರನ್ನೂ ಹುಡುಕಿ ಹೊಡೆದ ಹುಡುಗನ ಕೈ ಒಳ್ಳೆಯದೇ. ಈ ಲೆಕ್ಕವನ್ನು ಅವನ ಮುಂದಿಡಿ. ಅಟ್ಟದ ಪೆಟ್ಟಿಗೆಯನ್ನು ನೀವಾಗಿ ಇಳಿಸಬೇಡಿ, ಅವನೇ ಏಣಿ ಹುಡುಕಲಿ. ಆ ಗೆಳೆಯನನ್ನು ಒಂದು ಭಾನುವಾರ ಊಟಕ್ಕೆ ಕರೆಯುವುದಕ್ಕೆ ಮಾತ್ರ ಕಾಯಬೇಕಾಗಿಲ್ಲ.

ಚೌಕಾಬಾರದ ಕಟ್ಟೆಮನೆಗಳ ವಿಷಯವಾಗಿ ಇಬ್ಬರು ಓದುಗರು ಕೇಳಿರುವ ಪ್ರಶ್ನೆಗಳನ್ನು ಮುಂದಿನ ಸಂಚಿಕೆಯಲ್ಲಿ ಎತ್ತಿಕೊಳ್ಳುತ್ತೇವೆ.