ಹೋಮ್ ನರ್ಸ್ ಬದಲಿಸುವ ಮೊದಲು ಒಂದು ರಾತ್ರಿ ಮಂಚದ ಪಕ್ಕ ಮಲಗಿ

ಕಳೆದ ಮಳೆಗಾಲದಲ್ಲಿ ನಮ್ಮ ಮನೆಯ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಫೋಟೊ ಬಂತು. ಅಜ್ಜಿಯ ಸೊಂಟದ ಕೆಳಗೆ ಎರಡು ರೂಪಾಯಿ ನಾಣ್ಯದಷ್ಟಗಲದ ಕೆಂಪು ಗಾಯ. ಊರಿಗೆ ಹೋಗಿದ್ದ ಅತ್ತೆ ತೆಗೆದು ಕಳಿಸಿದ್ದು. ಬೆಂಗಳೂರು, ಶಿವಮೊಗ್ಗ, ಪುಣೆಗಳಲ್ಲಿ ಕೂತಿದ್ದ ನಾವೆಲ್ಲ ಹತ್ತೇ ನಿಮಿಷದಲ್ಲಿ ತೀರ್ಪು ಕೊಟ್ಟಾಗಿತ್ತು: 'ಹೋಮ್ ನರ್ಸ್ ಸರಿ ಇಲ್ಲ. ಬದಲಾಯಿಸೋಣ.'

ಇದು ನಮಗೆ ಹೊಸದೂ ಅಲ್ಲ. ಅಜ್ಜಿ ಜಾರಿ ಬಿದ್ದು ಹಾಸಿಗೆ ಹಿಡಿದ ಎರಡು ವರ್ಷದಲ್ಲಿ ಇಬ್ಬರನ್ನು ಬದಲಾಯಿಸಿದ್ದೆವು. ಮೊದಲನೆಯವರು ಸದಾ ಫೋನಿನಲ್ಲಿ ಇರುತ್ತಾರೆ ಎಂದು. ಎರಡನೆಯವರು ಸಾರಿಗೆ ಖಾರ ಜಾಸ್ತಿ ಹಾಕುತ್ತಾರೆ, ಎದುರು ಮಾತಾಡುತ್ತಾರೆ ಎಂದು. ಮೂರನೆಯವರು ಈ ಅಕ್ಕ, ಕೊಪ್ಪಳದ ಕಡೆಯವರು. ಏಜೆನ್ಸಿಗೆ ಫೋನ್ ಮಾಡಿದಾಗ ನಮ್ಮ ಮನೆಯವರು ಮೊದಲು ಕೇಳಿದ್ದು ರೋಗಿಯನ್ನು ಎತ್ತಿ ಕೂರಿಸಲು ಬರುತ್ತದೆಯೇ ಎಂದಲ್ಲ, ಯಾವ ಜಾತಿ ಎಂದು. ಇದನ್ನು ಮುಚ್ಚಿಟ್ಟುಕೊಂಡು ಈ ಲೇಖನ ಬರೆಯುವುದು ಸರಿಯಲ್ಲ.

ಈ ಸಲ ನಮ್ಮನ್ನು ತಡೆದದ್ದು ಅಜ್ಜಿ. "ಇನ್ನು ಎಷ್ಟು ಜನರ ಎದುರು ನಾನು ಬಟ್ಟೆ ಬಿಚ್ಚಬೇಕು?" ಎಂದು ಅತ್ತೆಯನ್ನು ಕೇಳಿದರಂತೆ.

ನಮ್ಮಲ್ಲಿ ಉತ್ತರ ಇರಲಿಲ್ಲ. ನಮ್ಮ ಲೆಕ್ಕದಲ್ಲಿ ಬದಲಾವಣೆ ಎಂದರೆ ಏಜೆನ್ಸಿಗೆ ಒಂದು ಫೋನ್. ಅಜ್ಜಿಯ ಲೆಕ್ಕದಲ್ಲಿ ಅದು ಪರಿಚಯವೇ ಇಲ್ಲದ ಮತ್ತೊಂದು ಕೈಯಿಂದ ಸ್ನಾನ, ಮತ್ತೊಬ್ಬರ ಎದುರು ಬೆಡ್‌ಪ್ಯಾನ್. ಬಲಗಿವಿ ಕೇಳುವುದಿಲ್ಲ, ಮಾತ್ರೆಯನ್ನು ಬಾಳೆಹಣ್ಣಿನ ಜೊತೆ ಕೊಡಬೇಕು, ಎಡಗಾಲು ಮುಟ್ಟಿದರೆ ನೋವು ಎಂಬುದನ್ನೆಲ್ಲ ಮೊದಲಿನಿಂದ ಹೇಳಿಕೊಡಬೇಕು.

ಕೊನೆಗೆ ನಮ್ಮಲ್ಲಿ ಇಬ್ಬರು ಊರಿಗೆ ಹೋಗಿ ಎರಡು ರಾತ್ರಿ ಅಜ್ಜಿಯ ಕೋಣೆಯಲ್ಲೇ ಮಲಗಿದೆವು. ಕಂಡದ್ದು ಇಷ್ಟು. ಅಜ್ಜಿ ರಾತ್ರಿ ನಾಲ್ಕು ಸಲ ಎದ್ದರು, ಅಕ್ಕನೂ ನಾಲ್ಕು ಸಲ ಎದ್ದರು. ಎರಡನೇ ರಾತ್ರಿ ಮಳೆಗೆ ಕರೆಂಟ್ ಹೋಯಿತು. ಏರ್ ಬೆಡ್ಡಿನ ಮೋಟರ್ ನಿಂತು ಹಾಸಿಗೆ ಮೆತ್ತಗೆ ಕೆಳಗಿಳಿಯಿತು. ಯುಪಿಎಸ್ ಲೈನು ಜಗುಲಿಗೆ, ಟಿವಿಗೆ, ಅಡುಗೆಮನೆಗೆ ಇತ್ತು. ಅಜ್ಜಿಯ ಕೋಣೆಗೆ ಇರಲಿಲ್ಲ! ಮಲೆನಾಡಿನ ಮಳೆಗಾಲದಲ್ಲಿ ಹೀಗೆ ಎಷ್ಟು ರಾತ್ರಿ ಕಳೆದಿರಬೇಡ?

ಹಾಸಿಗೆ ಹುಣ್ಣಿನ ವಿಷಯ ಹಳ್ಳಿಯ ಆಶಾ ಕಾರ್ಯಕರ್ತೆಯರಿಗೂ ಗೊತ್ತು. ಒಂದೇ ಭಂಗಿಯಲ್ಲಿ ಮಲಗಿದರೆ ಬಾಲಮೂಳೆ, ಹಿಮ್ಮಡಿ, ಸೊಂಟದ ಪಕ್ಕ ಒತ್ತಡ ಬಿದ್ದು ರಕ್ತ ಓಡುವುದಿಲ್ಲ. ಮೊದಲು ಚರ್ಮ ಕೆಂಪಾಗುತ್ತದೆ. ಬೆರಳಿನಿಂದ ಒತ್ತಿ ಬಿಟ್ಟರೂ ಆ ಕೆಂಪು ಮಾಸದಿದ್ದರೆ ಹುಣ್ಣು ಶುರುವಾಗಿದೆ ಎಂದೇ ಲೆಕ್ಕ. ಏರ್ ಬೆಡ್ ಇದ್ದರೂ ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸಬೇಕು ಎಂದು ನಮಗೂ ಡಾಕ್ಟರು ಹೇಳಿದ್ದರು. ಅಂದರೆ ದಿನಕ್ಕೆ 12 ಸಲ. ಅದರ ಜೊತೆ ಅಡುಗೆಯನ್ನೂ ನಾವು ಅದೇ ಅಕ್ಕನಿಗೆ ವಹಿಸಿದ್ದೆವು. ನಾಲ್ಕು ತಿಂಗಳಿನಿಂದ ಒಂದು ದಿನವೂ ರಜೆ ಕೊಟ್ಟಿರಲಿಲ್ಲ. ತಿಂಗಳಿಗೆ ನಾವು ಕೊಡುತ್ತಿದ್ದ 24 ಸಾವಿರದಲ್ಲಿ ಏಜೆನ್ಸಿ ಹಿಡಿದುಕೊಂಡು ಅವರ ಕೈಗೆ ಸೇರುತ್ತಿದ್ದುದು 18 ಸಾವಿರ. ಇದನ್ನೂ ನಾವು ಕೇಳಿದ್ದು ಆವತ್ತೇ.

ಹಾಗಂತ ಅಕ್ಕನ ತಪ್ಪೇ ಇರಲಿಲ್ಲ ಎನ್ನುತ್ತಿಲ್ಲ. ಚರ್ಮ ಕೆಂಪಾದದ್ದನ್ನು ಅವರು ನೋಡಿದ್ದರು. ನಾಲ್ಕು ದಿನ ಯಾರಿಗೂ ಹೇಳಿರಲಿಲ್ಲ. ಯಾಕೆ ಎಂದು ಕೇಳಿದೆವು. "ರಾತ್ರಿ ಒಬ್ಬಾಕಿ ಕೈಲೆ ಅಮ್ಮಾರನ್ನ ಹೊಳ್ಳಿಸಾಕ ಆಗಂಗಿಲ್ರಿ ಅಂತ ಯಜಮಾನ್ರಿಗೆ ಹೇಳಿದ್ನಿರಿ. ಕೆಂಪಗಾಗೇತಿ ಅಂತನೂ ಹೇಳಿದ್ರ ನನ್ನೂ ಬಿಡಸ್ತಾರ ಅಂತ ಹೆದರಿದ್ನಿರಿ" ಎಂದರು. ಅಪ್ಪನಿಗೆ ಬೆನ್ನುನೋವು. ಅವರು ಆ ಮಾತನ್ನು ಕೇಳಿ ಸುಮ್ಮನಾಗಿದ್ದರು.

ನಾವು ಹೇಳಬೇಕೆಂದಿರುವುದು ಇದನ್ನೇ. ಮಾತೆತ್ತಿದರೆ ಬದಲಾಯಿಸುವ ಮನೆಯಲ್ಲಿ ಆರೈಕೆಗೆ ಬಂದವರು ಮುಚ್ಚಿಡುವುದನ್ನು ಕಲಿಯುತ್ತಾರೆ. ಬಿದ್ದದ್ದು, ಮಾತ್ರೆ ತಪ್ಪಿದ್ದು, ಚರ್ಮ ಕೆಂಪಾದದ್ದು ಯಾವುದೂ ಹೊರಗೆ ಬರುವುದಿಲ್ಲ. ಕೆಲಸ ಹೋಗುವ ಭಯ ಅವರದು, ಅದರ ಫಲ ಉಣ್ಣುವುದು ಮಂಚದ ಮೇಲಿರುವ ಜೀವ. ಈ ಅಕ್ಕನಿಗಿಂತ ಮುಂಚೆ ಬಿಡಿಸಿದ ಇಬ್ಬರ ಕತೆ ಊರಿನ ಯಾರೋ ಅವರಿಗೆ ಹೇಳಿಯೇ ಇದ್ದರು.

ಕಾನೂನು ಈ ವಿಷಯದಲ್ಲಿ ನೆರವಿಗೆ ಬರುವುದು ಕಡಿಮೆ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆ ಮಕ್ಕಳು ಹೆತ್ತವರನ್ನು ನೋಡಿಕೊಳ್ಳಬೇಕು ಎನ್ನುತ್ತದೆ. ದುಡ್ಡು ಕೊಟ್ಟು ಇಟ್ಟುಕೊಂಡ ಆರೈಕೆ ಹೇಗಿರಬೇಕು ಎಂಬುದು ಅದರಲ್ಲಿಲ್ಲ. ಮನೆ ಆರೈಕೆಯನ್ನೂ ಸೇರಿಸಿದ ತಿದ್ದುಪಡಿ ಮಸೂದೆ 2019ರಲ್ಲಿ ಲೋಕಸಭೆಗೆ ಬಂತು, ಕಾನೂನಾಗಲಿಲ್ಲ. ಮನೆಗೆಲಸದವರ ಹಕ್ಕುಗಳ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರಲ್ಲಿ ಮಾಡಿದ 189ನೇ ಒಪ್ಪಂದವನ್ನು ಭಾರತ ಅನುಮೋದಿಸಿಲ್ಲ. ಹೀಗಾಗಿ ರಜೆ ಎಷ್ಟು, ನಿದ್ದೆ ಎಷ್ಟು ಎಂಬುದು ಆಯಾ ಮನೆಯವರ ಒಳ್ಳೆಯತನಕ್ಕೆ ಬಿಟ್ಟದ್ದು. ನಾವು 'ನರ್ಸ್' ಎಂದು ಕರೆಯುವ ಬಹಳಷ್ಟು ಜನ ನರ್ಸಿಂಗ್ ಓದಿದವರೂ ಅಲ್ಲ. ಕೆಲವು ದಿನದ ತರಬೇತಿಯಲ್ಲಿ ಬಂದವರಿಂದ ಮೂತ್ರದ ಪೈಪ್ ಬದಲಿಸಲು, ಇಂಜೆಕ್ಷನ್ ಕೊಡಲು ನಿರೀಕ್ಷಿಸುವುದು ಅಪಾಯ.

ಹಾಗಾದರೆ ಬದಲಿಸಲೇಬಾರದೆ? ಬದಲಿಸಲೇಬೇಕಾದ ಸಂದರ್ಭಗಳಿವೆ. ಕೈ ಮಾಡಿದರೆ, ಗದರಿಸಿ ಹೆದರಿಸಿದರೆ, ನಿದ್ದೆ ಬರಿಸಲು ಡಾಕ್ಟರು ಬರೆಯದ ಮಾತ್ರೆ ಕೊಟ್ಟರೆ, ಹಣ ಒಡವೆ ಕದ್ದರೆ, ಕುಡಿದು ಬಂದರೆ ಒಂದು ದಿನವೂ ಕಾಯಬಾರದು. ಮೈಮೇಲೆ ಕಾರಣ ಗೊತ್ತಾಗದ ಬಾವು ಕಂಡರೆ, ಆ ವ್ಯಕ್ತಿ ಹತ್ತಿರ ಬಂದಾಗ ಹಿರಿಯರು ಮುದುಡಿಕೊಂಡರೆ, ಅವರನ್ನು ಒಬ್ಬರೇ ಇದ್ದಾಗ ಮಾತಾಡಿಸಿ. ಮಾತು ನಿಂತವರಾದರೆ ಮೈ ನೋಡಿ. ದೌರ್ಜನ್ಯದ ಅನುಮಾನ ಇದ್ದರೆ ಹಿರಿಯ ನಾಗರಿಕರ ಸಹಾಯವಾಣಿ 14567 ಇದೆ. ಹೇಳಿಕೊಟ್ಟ ಮೇಲೂ, ಬೇಕಾದ ಅನುಕೂಲ ಮಾಡಿಕೊಟ್ಟ ಮೇಲೂ ಅದೇ ಅಸಡ್ಡೆ ಮುಂದುವರಿದರೆ ಅದೂ ಬದಲಿಸಲು ಸಾಕಾದ ಕಾರಣವೇ.

ಸಾರಿನ ಖಾರ, ಫೋನು, ಭಾಷೆಯ ಗಡಸು ಇವೆಲ್ಲ ಬೇರೆ. ಉತ್ತರ ಕರ್ನಾಟಕದ ಮಾತು ಮಲೆನಾಡಿನ ಕಿವಿಗೆ ಒರಟಾಗಿ ಕೇಳಿದರೆ ಅದು ಬೈಗುಳವಲ್ಲ. ಮನೆಬಿಟ್ಟು ಬಂದ ಹೆಂಗಸು ರಾತ್ರಿ ಮಕ್ಕಳ ಜೊತೆ ಅರ್ಧ ಗಂಟೆ ಫೋನಿನಲ್ಲಿ ಮಾತಾಡುವುದು ಕರ್ತವ್ಯಲೋಪವಲ್ಲ. ಇಂಥದ್ದಕ್ಕೆ ಒಬ್ಬರನ್ನು ಬಿಡಿಸಿ ಇನ್ನೊಬ್ಬರನ್ನು ತಂದರೆ ಎರಡು ತಿಂಗಳಿಗೆ ಅದೇ ದೂರು ಮತ್ತೆ ಬರುತ್ತದೆ. ನಮಗೆ ಬಂದಿತ್ತು.

ಬದಲಿಸುವುದೇ ಆದರೆ ಹಿರಿಯರಿಗೆ ಮೊದಲೇ ಹೇಳಿ. ಹಳಬರು ಇರುವಾಗಲೇ ಹೊಸಬರು ಎರಡು ದಿನ ಜೊತೆಗಿರಲಿ. ಆ ಎರಡು ದಿನದ ಸಂಬಳ ದಂಡವಲ್ಲ. ಮಾತ್ರೆಯ ಹೊತ್ತು, ಊಟದ ಅಭ್ಯಾಸ, ನೋವಿರುವ ಜಾಗ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ.

ನಾವು ಅಕ್ಕನನ್ನು ಬದಲಿಸಲಿಲ್ಲ. ಕೋಣೆಗೆ ಯುಪಿಎಸ್ ಲೈನ್ ಎಳೆಸಿದೆವು. ಅಡುಗೆಗೆ ಪಕ್ಕದ ಮನೆಯವರೊಬ್ಬರನ್ನು ಗೊತ್ತು ಮಾಡಿದೆವು. ರಾತ್ರಿ ಹತ್ತಕ್ಕೆ ಮತ್ತು ಬೆಳಗಿನ ಐದಕ್ಕೆ ಮಗ್ಗಲು ಬದಲಿಸಲು ಚಿಕ್ಕಪ್ಪ ಕೈ ಕೊಡುತ್ತಾರೆ. ನಡುರಾತ್ರಿಯದು ಈಗಲೂ ಅಕ್ಕನ ತಲೆಯ ಮೇಲೇ ಇದೆ. ಮಧ್ಯಾಹ್ನ ಎರಡು ಗಂಟೆ ಅವರು ಮಲಗುತ್ತಾರೆ, ಆಗ ಅಮ್ಮ ಕೂರುತ್ತಾರೆ. ತಪ್ಪಾದರೂ ಹೇಳಿ, ಹೇಳಿದ್ದಕ್ಕೆ ಬಿಡಿಸುವುದಿಲ್ಲ ಎಂದು ಅಪ್ಪನೇ ಮಾತು ಕೊಟ್ಟರು. ಗಾಯ ಒಣಗಲು ಎರಡು ತಿಂಗಳು ಹಿಡಿಯಿತು. ಆಮೇಲೊಮ್ಮೆ ಹಿಮ್ಮಡಿ ಕೆಂಪಾದಾಗ ಅವತ್ತೇ ಗುಂಪಿಗೆ ಫೋಟೊ ಬಂತು. ಕಳಿಸಿದ್ದು ಅಕ್ಕ.

ಭಾನುವಾರ ಅಕ್ಕನಿಗೆ ರಜೆ. ಆವತ್ತು ಅಜ್ಜಿಯನ್ನು ನೋಡಿಕೊಳ್ಳಲು ಊರಿಗೆ ಯಾರು ಹೋಗುತ್ತಾರೆ ಎಂದು ಗುಂಪಿನಲ್ಲಿ ಹೆಸರು ಬರೆಯಬೇಕು. ಫೋಟೊ ನೋಡಿ ಹತ್ತು ನಿಮಿಷದಲ್ಲಿ ತೀರ್ಪು ಕೊಟ್ಟವರು ನಾವು. ಈ ತಿಂಗಳ ಎರಡು ಭಾನುವಾರಗಳ ಮುಂದೆ ಇನ್ನೂ ಯಾರ ಹೆಸರೂ ಇಲ್ಲ.