ಕೂಲಿಯಿಲ್ಲದವರಿಗೆ ಜಮೀನ್ದಾರರ ಪಟ್ಟವೇ?

ಪುಕ್ಕಟೆ ದುಡಿಯುವವನನ್ನು ಜಮೀನ್ದಾರನೆಂದು ಕರೆದ ಮಾಲೀಕನನ್ನು ನಾವು ಕಂಡಿರಲಿಲ್ಲ. 2023ರ ಜೂನಿನಲ್ಲಿ ಅದನ್ನೂ ಕಂಡೆವು. ಅಮೆರಿಕದ ರೆಡಿಟ್ ಕಂಪನಿಯ ಮುಖ್ಯಾಧಿಕಾರಿ ಸ್ಟೀವ್ ಹಫ್‌ಮನ್ ಅವರು, ತಮ್ಮ ಜಾಲತಾಣದ ಸಾವಿರಾರು ಚರ್ಚಾಕೂಟಗಳನ್ನು ಸಂಬಳವಿಲ್ಲದೆ ಕಾಯುವ ಮಾಡರೇಟರುಗಳನ್ನು ವಂಶಪಾರಂಪರ್ಯದ ಭೂಮಾಲೀಕರಿಗೆ ಹೋಲಿಸಿದರು!

ಈ ಮಾಡರೇಟರುಗಳ ಕೆಲಸವೇನು? ಬಂದವರು ಬರೆದುದನ್ನು ಓದಿ, ಬೈಗುಳವನ್ನೂ ಮೋಸದ ಜಾಹೀರಾತನ್ನೂ ಕಿತ್ತೆಸೆದು, ಜಗಳ ಬಿಡಿಸುವುದು. ಗಿರಣಿಯಲ್ಲಾದರೆ ಜಾಬರನಿಗೂ ಕಸ ಗುಡಿಸುವವನಿಗೂ ಪಗಾರ ಉಂಟು. ಇಲ್ಲಿ ಅದರ ಹೆಸರು ‘ಸೇವೆ’. ಜಾಹೀರಾತಿನ ಹಣ ಮಾತ್ರ ಕಂಪನಿಯದು.

ಜಗಳ ಹುಟ್ಟಿದ್ದು ದರದಿಂದ. ರೆಡಿಟ್ಟನ್ನು ಓದಲು ಹೊರಗಿನ ಸಣ್ಣ ತಯಾರಕರು ಆ್ಯಪ್‌ಗಳನ್ನು ಮಾಡಿದ್ದರು. ಅನೇಕ ಮಾಡರೇಟರುಗಳಿಗೆ ಅವೇ ಕೈಯ ಉಪಕರಣ. ಅವು ಪುಕ್ಕಟೆ ಪಡೆಯುತ್ತಿದ್ದ ಮಾಹಿತಿಯನ್ನು 1,000 ಬಾರಿ ಕೇಳಿದರೆ 24 ಸೆಂಟ್ ಎಂದು ಕಂಪನಿ ದರ ಗೊತ್ತುಮಾಡಿತು, ಜುಲೈ 1ರಿಂದ. ಅಪೋಲೋ ಎಂಬ ಆ್ಯಪ್ ನಡೆಸುತ್ತಿದ್ದ ಕ್ರಿಶ್ಚಿಯನ್ ಸೆಲಿಗ್, ವರ್ಷಕ್ಕೆ 2 ಕೋಟಿ ಡಾಲರ್ ಬೀಳುತ್ತದೆಂದು ಲೆಕ್ಕ ತೋರಿಸಿ ಜೂನ್ 30ಕ್ಕೆ ಅಂಗಡಿ ಮುಚ್ಚಿದರು. ಸಂತೆಯ ಸುಂಕ ಹೀಗೆ ಏರಿದರೆ ಏನಾಗುವುದೆಂದು ನಮ್ಮ ವ್ಯಾಪಾರಿ ಬಾಂಧವರಿಗೆ ವಿವರಿಸಬೇಕಾಗಿಲ್ಲ.

ಜೂನ್ 12ರಂದು 7,000ಕ್ಕೂ ಹೆಚ್ಚು ಕೂಟಗಳು ಬಾಗಿಲು ಹಾಕಿದವು. ಆದರೆ ಬಹುಮಂದಿ ಎರಡೇ ದಿನವೆಂದು ಮೊದಲೇ ಸಾರಿಬಿಟ್ಟಿದ್ದರು. ಮುಗಿಯುವ ದಿನವನ್ನು ಮಾಲೀಕನಿಗೆ ತಿಳಿಸಿ ಹೂಡುವುದು ಮುಷ್ಕರವಲ್ಲ, ರಜೆ! ಕಂಪನಿ ಕಾದು ಕುಳಿತಿತು. ಆಮೇಲೂ ಮುಂದುವರಿಸಿದವರಿಗೆ, ಬಾಗಿಲು ತೆರೆಯಿರಿ, ಇಲ್ಲವೇ ನಿಮ್ಮ ಜಾಗಕ್ಕೆ ಬೇರೆಯವರು ಬರುತ್ತಾರೆ ಎಂಬ ಎಚ್ಚರಿಕೆ ಹೋಯಿತು. ಕೆಲವರನ್ನು ಕಿತ್ತೂ ಹಾಕಿದರು. ಸಂಬಳವಿಲ್ಲದವನನ್ನೂ ವಜಾ ಮಾಡಬಹುದೆಂದು ನಾವು ಕಲಿತೆವು.

ಹಫ್‌ಮನ್ನರ ಮಾತಿನಲ್ಲಿ ಒಂದು ಕಾಳು ನಿಜವಿದೆ, ಮುಚ್ಚಿಡಲಾರೆವು. ಕೂಟವನ್ನು ಮೊದಲು ತೆರೆದವನೇ ಅಲ್ಲಿ ಮೇಲಿನವನು. ಅವನು ಕೆಳಗಿನವರನ್ನು ತೆಗೆಯಬಲ್ಲ, ಅವನನ್ನು ಕೆಳಗಿನವರು ತೆಗೆಯಲಾರರು. ಅವನನ್ನು ಯಾರೂ ಚುನಾಯಿಸಿಲ್ಲ. ಹಾಗಾದರೆ ಸದಸ್ಯರೇ ಮತ ಹಾಕಿ ಇಳಿಸಲಿ ಎಂದರು ಹಫ್‌ಮನ್. ಒಳ್ಳೆಯದು. ಆದರೆ ಆ ಮತಪೆಟ್ಟಿಗೆ ಕಂಪನಿಯ ಗಾದಿಯ ತನಕ ಏಕೆ ಹೋಗಬಾರದು?

2024ರಲ್ಲಿ ಇದಕ್ಕೆ ಉತ್ತರ ಸಿಕ್ಕಿತು. ಷೇರುಪೇಟೆಗೆ ಇಳಿಯುವಾಗ ಕಂಪನಿ ತಾನೇ ಕೊಟ್ಟ ದಾಖಲೆಯಂತೆ, ಸದಸ್ಯರು ಬರೆದು ಕೂಡಿಹಾಕಿದ ಮಾತುಗಳನ್ನು ಬಳಸಿಕೊಳ್ಳಲು ಅನುಮತಿ ಮಾರಿದ ಕರಾರುಗಳ ಮೌಲ್ಯ 20 ಕೋಟಿ 30 ಲಕ್ಷ ಡಾಲರ್. ಮಾಡರೇಟರುಗಳಿಗೆ ದೊರೆತ ಕೃಪೆಯೆಂದರೆ, 34 ಡಾಲರಿನ ಷೇರನ್ನು 34 ಡಾಲರನ್ನೇ ತೆತ್ತು ಕೊಳ್ಳುವ ಅವಕಾಶ! ಆ ಷೇರಿಗೆ ಒಂದು ಮತ. ಒಳಗಿನವರ ಕೈಯಲ್ಲಿರುವ ಇನ್ನೊಂದು ವರ್ಗದ ಷೇರಿಗೆ ಹತ್ತು.